ಹನ್ನೊಂದು ಸಲ ಸತ್ತ ಹುಲಿಗೇಶ

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹುಲಿಗೇಶ ಹನ್ನೊಂದು ಸಲ ಸತ್ತಿದ್ದ. ಕಟ್ಟಿಕೊಂಡ ಹೆಂಡತಿ ಅಂಬಿಕಾ ಒಂದು ಸಲವೂ ಅಳಲಿಲ್ಲ. ಅಳದಿದ್ದರೆ ಹಾಳಾಗಿ ಹೋಗಲಿ, ನಕ್ಕಳು! ಗಂಡನ ಹೆಣದ ಎದೆಯ ಮೇಲೆ ಹಣೆಯಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು ಕಿಸಕ್ಕನೆ ನಕ್ಕಳು. ಇದನ್ನು ಯಾವ ಗಂಡಸು ಸಹಿಸಿಯಾನು, ನೀವೇ ಹೇಳಿ.

ವಿಷಯ ಇಷ್ಟೇ. ಮಸ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಹುಲಿಗೇಶನೊಳಗೆ ಒಬ್ಬ ಮಹಾನ್ ಚಿತ್ರನಿರ್ದೇಶಕ ಹನ್ನೆರಡು ವರ್ಷದಿಂದ ಟಪಾಲಿಗೆ ಸೀಲು ಹೊಡೆಯುತ್ತ ಕೂತಿದ್ದ. ಲಿಂಗಸುಗೂರಿನಲ್ಲಿ ನೌಕರರಿಗಾಗಿ ಕಿರುಚಿತ್ರ ಸ್ಪರ್ಧೆ ಎಂಬ ಸುದ್ದಿ ಬಂದದ್ದೇ ತಡ, ಆ ನಿರ್ದೇಶಕ ಸೀಲು ಬಿಸಾಕಿ ಎದ್ದು ನಿಂತ. ಕಥೆ ಹೀಗಿತ್ತು: ಕ್ರಿ.ಶ. 2061. ಭಯಂಕರ ಮಹಾಮಾರಿಗೆ ಸಕಲ ಮಾನವಕುಲ ನಿರ್ನಾಮವಾಗಿದೆ. ನೆಲದಡಿಯ ರಹಸ್ಯ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿ ಮತ್ತು ಅವನ ಹೆಂಡತಿ ಮಾತ್ರ ಉಳಿದಿದ್ದಾರೆ. (ಪ್ರಯೋಗಾಲಯವೆಂದರೆ ಹುಲಿಗೇಶನ ಮನೆಯ ಮಹಡಿ ಮೇಲೆ ಜೋಳದ ಚೀಲ ಇಡುವ ಕೋಣೆ. ಮಸ್ಕಿಯಲ್ಲಿ ನೆಲದಡಿಯ ಪ್ರಯೋಗಾಲಯ ಯಾರೂ ಬಾಡಿಗೆಗೆ ಕೊಡಲಿಲ್ಲ.) ವೈರಾಣು ಸಂಹಾರಕ್ಕೆ ಭತ್ತದ ಪೈರಿಗೆ ಕ್ರಿಮಿನಾಶಕ ಹೊಡೆಯುವ ಪಂಪು, ಆಮ್ಲಜನಕ ತಯಾರಿಕೆಗೆ ಕೆಟ್ಟ ಮಿಕ್ಸಿ, ಕ್ಯಾಮೆರಾಕ್ಕೆ ಮದುವೆ ವಿಡಿಯೊ ತೆಗೆಯುವ ಮುಕ್ತಿಯಾರ್. ಕೊನೆಯ ದೃಶ್ಯದಲ್ಲಿ ವಿಜ್ಞಾನಿ ಸಾಯಬೇಕು, ಭೂಮಂಡಲದ ಕಟ್ಟಕಡೆಯ ಹೆಂಗಸು ಎದೆಯೊಡೆದು ಅಳಬೇಕು. ಅಲ್ಲೇ ಗಾಡಿ ಹೂತುಕೊಂಡಿತು.

"ಅಳು ಬೇ ಅಂಬಿ! ಇಡೀ ಜಗತ್ತಿನ್ಯಾಗ ನೀ ಒಬ್ಬಾಕೆ ಉಳಿದೀದಿ!"

"ಹೆಂಗ ಅಳಲ್ರೀ? ಸತ್ತಾಗೊಮ್ಮೆ ಮೂಗು ಕೆರಕೋತೀರಿ. ಕೆಳಗ ನೋಡಿದ್ರ ಟಮಾಟಿ ಗಾಡ್ಯಾವ ಒದರಾಕತ್ತಾನ. ಎಲ್ಲಾರೂ ಸತ್ತು ಹೋಗಿದ್ರ ಅವ ಯಾರಿಗೆ ಮಾರಾಕತ್ತಾನ?"

ಮುಕ್ತಿಯಾರ್ ಕ್ಯಾಮೆರಾದ ಹಿಂದೆ ಭುಜ ಕುಣಿಸುತ್ತ ನಗುತ್ತಿದ್ದ. ಹುಲಿಗೇಶನಿಗೆ ನಗು ಬರಲಿಲ್ಲ. ಸಿನಿಮಾದ ಚಿಂತೆ ಹೋಗಿ ಬೇರೆಯೇ ಒಂದು ಚಿಂತೆ ಅವನ ಹೊಟ್ಟೆಯೊಳಗೆ ಹೊಕ್ಕಿತ್ತು. ಹನ್ನೊಂದು ವರ್ಷದ ಸಂಸಾರ. ನಾಳೆ ತಾನು ನಿಜವಾಗಿ ಸತ್ತರೂ ಇವಳು ಹೀಗೇ ನಕ್ಕರೆ? ಇದನ್ನು ಬಾಯಿಬಿಟ್ಟು ಕೇಳುವಂತಿಲ್ಲ, ಕೇಳದೆ ರೊಟ್ಟಿ ಗಂಟಲಲ್ಲಿ ಇಳಿಯುವಂತಿಲ್ಲ. ವಾರವಿಡೀ ಅರೆಹೊಟ್ಟೆಯಲ್ಲೇ ಕಚೇರಿಗೆ ಹೋಗಿಬಂದ.

ಶುಕ್ರವಾರ ಅಂಬಿಕಾ ವಳಕಮದಿನ್ನಿಯ ತವರಿಗೆ ಹೋದಳು. ಅಲ್ಲಿ ಅವಳ ತಾಯಿ ಪೀರಮ್ಮನ ಗದ್ದೆಯಲ್ಲಿ ನಾಟಿ ನಡೆದಿತ್ತು. ಚಿತ್ರ ಕಳಿಸಲು ಶನಿವಾರ ಸಂಜೆ ಆರು ಗಂಟೆಯೇ ಕಡೆ. ಶನಿವಾರ ಮುಂಜಾನೆ ಹಲ್ಲುಜ್ಜುತ್ತಿದ್ದ ಹುಲಿಗೇಶನಿಗೆ ಜ್ಞಾನೋದಯವಾಯಿತು. ನಿಜವಾಗಿ ಸತ್ತನೆಂದು ತಿಳಿದರೆ ನಿಜವಾಗಿ ಅಳುತ್ತಾಳಲ್ಲ! ಸಿನಿಮಾನೂ ಮುಗಿಯುತ್ತದೆ, ಹೊಟ್ಟೆಯೊಳಗಿನ ಪ್ರಶ್ನೆಗೂ ಉತ್ತರ ಸಿಗುತ್ತದೆ.

"ಬ್ಯಾಡ್ರಿ ಸರ್," ಎಂದ ಮುಕ್ತಿಯಾರ್. "ಬದುಕಿದ್ದವರ ಸಾವು ನನ್ನ ಬಾಯಿಲೆ ಹೇಳಸಬ್ಯಾಡ್ರಿ."

"ಕಲೆಗಾಗಿ ಮುಕ್ತಿಯಾರ್, ಕಲೆಗಾಗಿ!"

ಕಲೆಗಾಗಿ ಮುಕ್ತಿಯಾರ್ ಫೋನು ಹಚ್ಚಿದ. "ಅಕ್ಕಾ, ಸರ್ ಹೋಗಿಬಿಟ್ರು. ಲಗೂನ ಬರ್ರಿ," ಎಂದಷ್ಟೇ ಹೇಳಿ, ಬೆವರು ಒರೆಸಿಕೊಂಡು, ಇಬ್ಬರ ಫೋನನ್ನೂ ಬಂದ್ ಮಾಡಿದ.

ಪಡಸಾಲೆಯಲ್ಲಿ ಚಾಪೆ ಹಾಸಿ, ಬಿಳಿ ಪಂಚೆ ಹೊದ್ದು ಹುಲಿಗೇಶ ಹನ್ನೊಂದಕ್ಕೇ ಸತ್ತು ಮಲಗಿದ. ನೀರಿನ ಡ್ರಮ್ಮಿನ ಹಿಂದೆ ಕ್ಯಾಮೆರಾ ಕೂತಿತು. ಹನ್ನೆರಡಾಯಿತು, ಒಂದಾಯಿತು. ಹೆಣಕ್ಕೆ ಹಸಿವಾಯಿತು, ಇರುವೆ ಕಚ್ಚಿತು. ಗಂಡ ಸತ್ತ ಸುದ್ದಿ ಕೇಳಿದವಳಿಗೆ ಸಿಂಧನೂರಿಗೆ ಬಂದು ಮಸ್ಕಿ ಬಸ್ಸು ಹಿಡಿಯಲು ಇಷ್ಟು ಹೊತ್ತು ಬೇಕೇ? ಹೆಣಕ್ಕೆ ಸಿಟ್ಟೂ ಬಂತು.

ಎರಡಕ್ಕೆ ಗೇಟು ಸದ್ದಾಯಿತು. ಹುಲಿಗೇಶ ಉಸಿರು ಬಿಗಿಹಿಡಿದ. ಅಳು ಕೇಳಲಿಲ್ಲ. ಚಪ್ಪಲಿ ಬಿಟ್ಟ ಸದ್ದು ಕೇಳಿತು. ಕೈಚೀಲ ಇಟ್ಟ ಸದ್ದು ಕೇಳಿತು. ಆಮೇಲೆ ಹೆಂಡತಿಯ ತಣ್ಣನೆಯ ದನಿ ಕೇಳಿತು.

"ಮುಕ್ತಿಯಾರಣ್ಣ, ಡ್ರಮ್ಮಿನ ಹಿಂದ ಯಾಕ ಕುಂತೀರಿ? ಚಾ ಕುಡುದ್ರಿಲ್ಲೋ?" ಮರುಕ್ಷಣ ಪಂಚೆ ಸರಕ್ಕನೆ ಸರಿಯಿತು. "ಏಳ್ರೀ, ಮೊದಲ ತಲಿಮ್ಯಾಲ ನೀರು ಹಾಕ್ಕೋರಿ. ಕಾಗಿ ತಲಿಗೆ ಬಡೀತೋ, ಹೆಗಲಿಗೋ?"

ಹುಲಿಗೇಶ ದಂಗಾಗಿ ಎದ್ದು ಕೂತ. ಆ ಕಡೆ ಕಾಗೆ ತಲೆಗೆ ಬಡಿದರೆ ಸಾವಿನ ಸೂಚನೆ ಎಂದು ನಂಬುತ್ತಾರೆ. ಆಗ ಬಡಿಸಿಕೊಂಡವನು ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಅತ್ತರೆ ಬರಬೇಕಾದ ಸಾವು ಅಲ್ಲಿಗೇ ತೀರಿತು ಎಂದು ಲೆಕ್ಕ. ಇದು ಹುಲಿಗೇಶನಿಗೂ ಗೊತ್ತಿತ್ತು. ಗೊತ್ತಿದ್ದದ್ದು ಹೊತ್ತಿಗೆ ಸರಿಯಾಗಿ ನೆನಪಾಗಿದ್ದರೆ ಅವನು ಯಾಕೆ ಹುಲಿಗೇಶನಾಗಿರುತ್ತಿದ್ದ!

"ಕಾಗಿ ಅಂತ ಯಾರು ಹೇಳಿದ್ರು ನಿನಗ?"

"ಹೇಳಬೇಕೇನು? ಸತ್ತ ಸುದ್ದಿ ಹೇಳಾವರು ಮಣ್ಣು ಮಾಡೂದು ಎಷ್ಟೊತ್ತಿಗೆ ಅಂತ ಹೇಳದ ಫೋನ್ ಇಡ್ತಾರೇನು? ಅವ್ವ ಅದನ್ನ ಕೇಳಿದ್ಲು, 'ಮಣ್ಣು ಎಷ್ಟಕ್ಕಂತ?' ಅಂತ. ಹೇಳಿಲ್ಲ ಅಂದೆ. 'ಹಂಗಾದ್ರ ಕಾಗಿ ಸುದ್ದಿ ಐತಿ ತಗೋ, ತಿರುಗಿ ಫೋನ್ ಮಾಡಬ್ಯಾಡ, ಎಲ್ಲಾರೂ ಚೆಂದಗೆ ಅತ್ತುಬಿಡ್ರಿ' ಅಂದ್ಲು. ಅವ್ವ ಅತ್ಲು. ಮಗ್ಗಲ ಮನಿ ಹುಸೇನ್‌ಬೀ ಅತ್ಲು. ನಾಟಿಗೆ ಬಂದ ಹೆಣ್ಣಾಳು ಎಲ್ಲಾ ಬದುವಿನ ಮ್ಯಾಲ ಕುಂತು ಅತ್ರು. ಆಮ್ಯಾಲ ಊಟ ಮಾಡಿ ಬಸ್ ಹತ್ತಿದೆ."

ಇಡೀ ವಳಕಮದಿನ್ನಿ ತನಗಾಗಿ ಅತ್ತಿದೆ, ಒಂದು ಹನಿಯೂ ಕ್ಯಾಮೆರಾಕ್ಕೆ ಸಿಕ್ಕಿಲ್ಲ! ಹುಲಿಗೇಶನ ಪಿತ್ತ ನೆತ್ತಿಗೇರಿತು. ಹೂಂ, ಕಾಗಿ ಬಡೀತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಸಿದ ಹೆಣಕ್ಕೆ ವಿವೇಕ ಎಲ್ಲಿಂದ ಬರಬೇಕು?

"ಯಾವ ಕಾಗಿನೂ ಬಡದಿಲ್ಲ! ನೀ ಅಳ್ತಿ ಇಲ್ಲೋ ನೋಡೂಣಂತ ನಾನ ಹೇಳಸೀನಿ!"

ಅಂಬಿಕಾ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತಳು. ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು ಗಂಡನ ಮುಂದೆ ಹಿಡಿದಳು. ಮುಂಗೈಯಲ್ಲಿ ಒಂದು ಬಳೆಯೂ ಇರಲಿಲ್ಲ. ಅರಿಸಿನ ಹಚ್ಚಿದ ಗೀರುಗಾಯಗಳಿದ್ದವು. ಬರಿಗೈ ಇರಬಾರದೆಂದು ಒಂದೊಂದು ಹಳದಿ ದಾರ ಕಟ್ಟಿತ್ತು.

"ಅವ್ವ ಮಣ್ಣಿನ ಮಾತು ಕೇಳೂತನಕ ಎರಡು ನಿಮಿಷ ಆತ್ರೀ," ಎಂದಳು. "ಆ ಎರಡು ನಿಮಿಷ ನೀವು ನನ್ನ ಪಾಲಿಗೆ ಖರೇನ ಸತ್ತಿದ್ರಿ. ಕೈ ನೆಲಕ್ಕ ಬಡಕೊಂಡೀನಿ. ಬಳಿ ಒಡದಿದ್ದು ನನಗ ಗೊತ್ತೇ ಆಗಿಲ್ಲ."

ಹುಲಿಗೇಶನಿಗೆ ವಾರದಿಂದ ಬೇಕಾಗಿದ್ದ ಉತ್ತರ ಕಣ್ಣೆದುರಿಗಿತ್ತು. ಅದನ್ನು ನೋಡಲು ಧೈರ್ಯವಿರಲಿಲ್ಲ. ಭೂಮಿ ಬಾಯಿಬಿಟ್ಟಿದ್ದರೆ ಪಂಚೆಸಮೇತ ಇಳಿದುಹೋಗುತ್ತಿದ್ದ.

"ಅಂಬಿ, ತಪ್ಪಾತು ಬೇ. ಸಿನಿಮಾನೂ ಬ್ಯಾಡ, ಏನೂ ಬ್ಯಾಡ. ನಡಿ, ಈಗ ಬಳಿ ಇಡಸಿಕೊಂಡು ಬರೂಣು."

"ಬಳಿ ಇಡಸೂದು ಇದ್ದೇ ಐತಿ. ಮೊದಲ ಮಲಗ್ರಿ. ನನ್ನ ಬಳಿ ಒಡಿಸಿ ಮಾಡಿದ ಸಿನಿಮಾ ಅರ್ಧಕ್ಕ ಬಿಡ್ತೀರೇನು? ಮುಕ್ತಿಯಾರಣ್ಣ, ಹಚ್ರಿ ಕ್ಯಾಮೆರಾ."

ಹುಲಿಗೇಶ ತೆಪ್ಪಗೆ ಮಲಗಿದ. ಅಂಬಿಕಾ ಪಕ್ಕದಲ್ಲಿ ಕೂತು ಅವನ ಎದೆಯ ಮೇಲೆ ಬಳೆಯಿಲ್ಲದ ಕೈ ಇಟ್ಟಳು. ಅವನು ಬರೆದುಕೊಟ್ಟಿದ್ದ "ಓ ಮಾನವಕುಲವೇ" ಎಂಬ ಭವ್ಯ ಸಂಭಾಷಣೆಯನ್ನು ಅವಳು ಮುಟ್ಟಲೇ ಇಲ್ಲ. ತವರೂರಿನ ಹೆಂಗಸರಂತೆ ರಾಗ ತೆಗೆದು, ಹಾಡಿಕೊಂಡು ಅತ್ತಳು.

"ಹೆಂಗ ಹೋದ್ಯೋ ನನ್ನ ರಾಜಾ! ಹೊತ್ತಿದ ರೊಟ್ಟಿ ಹಾಕಿದ್ರೂ ಸುಮ್ಮನ ಉಂಡೆದ್ದ್ಯೋ! ಅವ್ವನ ಕಣ್ಣಿನ ಆಪರೇಷನ್ನಿಗೆ ರಜಾ ಹಾಕಿ ಎಂಟು ದಿನ ಔಷಧದ ಹನಿ ಬಿಟ್ಟ್ಯೋ! ಬುದ್ಧಿ ಒಂದು ಇರಲಿಲ್ಲೋ ನನ್ನಪ್ಪಾ, ಬಾಕಿ ಎಲ್ಲಾ ಇತ್ತಲ್ಲೋ..."

ಮುಕ್ತಿಯಾರ್ ಒಂದು ಕೈಯಲ್ಲಿ ಕಣ್ಣೊರೆಸುತ್ತ ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹತ್ತಿರ ತಂದ. ಹತ್ತಿರ ತಂದವನು ಗಾಬರಿಯಿಂದ ಕೂಗಿಕೊಂಡ.

"ಸರ್! ಹೆಣ ಅಳಾಕತ್ತೈತ್ರಿ!"

ಮುಖ ಒರೆಸಿ ಮತ್ತೆ ತೆಗೆದರು. ಹೆಣ ಮತ್ತೆ ಬಿಕ್ಕಿತು. ಮೂರನೇ ಸಲ ಅಂಬಿಕಾ ಬರೀ "ರೊಟ್ಟಿ" ಎನ್ನುವಷ್ಟರಲ್ಲೇ ಹೆಣದ ಗದ್ದ ನಡುಗಿತು. ನಾಲ್ಕನೇ ಸಲ ಹೆಣ ಎದ್ದು ಕೂತು ಹೋ ಎಂದು ಅತ್ತಿತು. ಐದು ಗಂಟೆ ಹೊಡೆಯಿತು, ಐದೂವರೆಯಾಯಿತು. ಅಂಬಿಕಾ ಮಾತ್ರ ಒಂದು ಸಲವೂ ತಪ್ಪಲಿಲ್ಲ.

ಕೊನೆಗೆ ಅವಳು ಕಣ್ಣು ಮೂಗು ಒರೆಸಿಕೊಂಡು, ಸೆರಗು ಕೊಡವಿ ಎದ್ದಳು.

"ಇವರಿಗೆ ನಟನಾ ಬರಂಗಿಲ್ಲ ಮುಕ್ತಿಯಾರಣ್ಣ," ಎಂದಳು. "ಹೊತ್ತಾಗಾಕತ್ತೈತಿ. ಬ್ಯಾರೆ ಯಾರನ್ನರ ಮಲಗಸ್ರಿ."