ಡೈರಿ ಸಾಫ್ಟ್‌ವೇರ್ ಕೇಸಿಗೆ ನಾನೇ ತಜ್ಞ!

ಪಿರಿಯಾಪಟ್ಟಣದ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕಂಪ್ಯೂಟರ್ ಪಾಠ ಮಾಡಿದವನಿಗೆ ಕೋರ್ಟಿನಲ್ಲಿ ನಾಲ್ಕು ಮಾತಾಡುವುದು ಏನು ಮಹಾ ಎಂದುಕೊಂಡಿದ್ದೆ.

ನಮ್ಮೂರ ಹಾಲಿನ ಡೈರಿಗೆ ಹಾಕಿಸಿದ ಸಾಫ್ಟ್‌ವೇರು ಗಟ್ಟಿ ಎಮ್ಮೆ ಹಾಲನ್ನೂ ನೀರು ಎಂದು ತೋರಿಸುತ್ತಿತ್ತು. ಹಾಲಿನ ದುಡ್ಡು ಕಡಿಮೆಯಾದಾಗ ಊರವರು ಕಂಪ್ಯೂಟರನ್ನು ಬೈಯಲಿಲ್ಲ. ಸೆಕ್ರೆಟರಿ ಶಿವಣ್ಣನನ್ನು ಕಳ್ಳ ಅಂದರು. ಡೈರಿಯವರು ಸಾಫ್ಟ್‌ವೇರ್ ಕಂಪನಿಯ ಮೇಲೆ ಕೇಸು ಹಾಕಿದರು. ತಪ್ಪು ಸಾಫ್ಟ್‌ವೇರಿನದೇ ಎಂದು ತಜ್ಞರೊಬ್ಬರು ಹೇಳಬೇಕಿತ್ತು.

"ಮೇಷ್ಟ್ರೇ, ನೀವೊಂದ್ ಮಾತು ಏಳಿದ್ರೆ ನನ್ ಮಾನ ಉಳೀತದೆ ಕಣ್ರೀ," ಅಂದ ಶಿವಣ್ಣ.

ಹದಿನೆಂಟು ಪುಟದ ವರದಿ ಬರೆದೆ. ಮೂರು ಪ್ರತಿ ತೆಗೆಸಿದೆ. ಮೂರೂ ಕಳೆದುಹೋದರೆ? ನಾಲ್ಕನೆಯದನ್ನೂ ತೆಗೆಸಿದೆ. ವಾರವೆಲ್ಲ ನಿದ್ದೆಯಿಲ್ಲ.

"ಮದ್ವೆ ದಿನಾನೂ ನೀವು ಇಷ್ಟು ಬೆವರಿರ್ಲಿಲ್ಲ," ಅಂದಳು ಹೆಂಡತಿ.

ಕಟಕಟೆ ಹತ್ತಿ, "ಸದರಿ ತಂತ್ರಾಂಶವು ಅಳವಡಿಸಿದ ದಿನದಿಂದಲೇ ನಿಷ್ಪ್ರಯೋಜಕ" ಎಂದು ಘೋಷಿಸಿದೆ.

ಕಂಪನಿಯ ವಕೀಲರು ಒಂದು ವಿಡಿಯೋ ತೋರಿಸಿದರು. ಸಾಫ್ಟ್‌ವೇರಿನ ಉದ್ಘಾಟನೆ! ಕಂಪ್ಯೂಟರಿಗೆ ಸೇವಂತಿಗೆ ಹಾರ. ಪಕ್ಕದಲ್ಲಿ ಶಾಲು ಹೊದ್ದ ನಾನು. "ಇಂಥ ತಂತ್ರಾಂಶ ಇಡೀ ಜಿಲ್ಲೆಯಲ್ಲೇ ಇಲ್ಲ!" ಚಪ್ಪಾಳೆ ಬೇರೆ. ನಾನಂತೂ ಮರೆತೇಬಿಟ್ಟಿದ್ದೆ.

"ಇದು ನೀವೇ ತಾನೇ?"

"ನಾನೇ. ಆದ್ರೆ ಅವತ್ತು ಕಂಪ್ಯೂಟರಿಗೆ ವೈರೇ ಹಾಕಿರ್ಲಿಲ್ಲ ಸ್ವಾಮಿ. ಬರೀ ಪೂಜೆ ಆಗಿತ್ತು."

"ನೋಡದೇ ಹೊಗಳಿದಿರಾ?"

"ಕರೆದು ಶಾಲು ಹೊದಿಸಿದ್ಮೇಲೆ ಹೊಗಳದೇ ಇರೋಕಾಗುತ್ತಾ?"

ನ್ಯಾಯಾಧೀಶರು ಕನ್ನಡಕ ಇಳಿಸಿದರು. "ಇವತ್ತು ನಿಮ್ಮನ್ನ ಕರೆದವರು ಯಾರು?"

"ಶಿವಣ್ಣ," ಅಂದುಬಿಟ್ಟೆ!

ನಮ್ಮ ವಕೀಲರು ಹಣೆ ಹಿಡಿದುಕೊಂಡರು. ಶಿವಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನಮ್ಮ ವಕೀಲರ ಕೈಗಿತ್ತ. ದಿನಾ ಹಳೇ ಗಾಜಿನ ಕೊಳವೆಯಲ್ಲಿ ತಾನೇ ಹಾಲು ಪರೀಕ್ಷಿಸಿ, ಕಂಪ್ಯೂಟರ್ ಹೇಳಿದ್ದನ್ನು ಪಕ್ಕದಲ್ಲೇ ಬರೆದಿಟ್ಟಿದ್ದ. ರಿಪೇರಿಗೆ ಬಂದಾಗಲೆಲ್ಲ ಕಂಪನಿಯ ಇಂಜಿನಿಯರನಿಂದಲೇ ಸಹಿ ಹಾಕಿಸಿಕೊಂಡಿದ್ದ! ತಜ್ಞರ ವರದಿ ಇರುವಾಗ ಈ ಗೀಚು ಪುಸ್ತಕ ಯಾಕೆಂದು ಅದನ್ನು ಬದಿಗಿಡಿಸಿದ್ದವನು ಬೇರೆ ಯಾರೂ ಅಲ್ಲ, ನಾನೇ.

"ಓಗ್ಲಿ ಬುಡಿ ಮೇಷ್ಟ್ರೇ," ಅಂದ ಶಿವಣ್ಣ, ಬಸ್ಸಿನಲ್ಲಿ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳುಗಳ ನಂತರ ತೀರ್ಪು ಬಂತು. ಆ ನೋಟ್‌ಬುಕ್ಕಿನಿಂದ ಡೈರಿ ಗೆದ್ದಿತು. ಶಿವಣ್ಣ ಕಳ್ಳನಲ್ಲ ಎಂದು ಊರೂ ಒಪ್ಪಿತು. ತೀರ್ಪಿನಲ್ಲಿ ನನ್ನ ಬಗ್ಗೆಯೂ ಒಂದು ವಾಕ್ಯವಿತ್ತು. ನಾನು ಹೆಂಡತಿಗೆ ಹೇಳಲಿಲ್ಲ. ಅವಳೇ ಓದಿದಳು: "ಈ ಸಾಕ್ಷಿಯ ಮಾತಿನಿಂದ ಯಾವ ಪಕ್ಷಕ್ಕೂ ಉಪಯೋಗವಿಲ್ಲ."

"ನಂಗಿದು ತಿಳಿಯೋಕೆ ಹತ್ತು ವರ್ಷ ಬೇಕಾಯ್ತು," ಅಂದಳು. "ಜಡ್ಜು ಅರ್ಧ ಗಂಟೇಲಿ ಕಂಡುಹಿಡಿದ್ರಲ್ಲ!"