ಎರಡು ತಿಂಗಳಿಂದ ಒಳಗೇ

ನಮ್ಮ ಬಸ್ರೂರಿನಲ್ಲಿ ಒಬ್ಬ ಹೆಂಗಸು ‘ನಾನು ಹೊರಗೆ’ ಎಂದರೆ ಅವಳು ಅಂಗಳದಲ್ಲಿದ್ದಾಳೆ ಎಂದು ಯಾರೂ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ನಿಂತು ಒಗ್ಗರಣೆ ಹಾಕುತ್ತಿದ್ದರೂ ಆ ಮೂರು ದಿನ ಅವಳು ಹೊರಗೆಯೇ. ಈಗೆಲ್ಲ ಮೂಲೆಯಲ್ಲಿ ಕೂರುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ದೇವರ ದೀಪ ಹಚ್ಚುವ ಕೆಲಸ ಮಾತ್ರ ಇವರ ಪಾಲಿಗೆ ಹೋಗುತ್ತದೆ. ಇವರು ಎಂದರೆ ನನ್ನ ಗಂಡ. ಈ ಏರ್ಪಾಡಿನಲ್ಲಿ ಒಂದೇ ತೊಂದರೆ. ನನ್ನ ಹೊಟ್ಟೆಯ ಗುಟ್ಟು ಇಡೀ ಮನೆಗೆ ಗೊತ್ತು. ಇವರು ಎರಡು ತಿಂಗಳು ದೀಪವನ್ನೇ ಹಚ್ಚಲಿಲ್ಲ ಎಂದರೆ ಅತ್ತೆಗೆ ತಿಳಿಯದೇ ಇರುತ್ತದೆಯೇ? “ಎಂತ ಹೆಣೆ, ಈ ಸಲವೂ ಹೊರಗ್ ಆಯಿಲ್ಯಾ ನೀನ್?” ಎಂದು ಅವರು ಹೂ ಕಟ್ಟುತ್ತಾ ಕೇಳಿದರು. “ಇಲ್ಲೆ ಅತ್ತೆ, ಒಳಗೇ ಇದ್ದೆ” ಎಂದು ನಕ್ಕೆ. ಒಳಗೊಳಗೆ ನನಗೆ ಜೀವವೇ ಇರಲಿಲ್ಲ.

ನನಗೆ ನಲವತ್ತನಾಲ್ಕು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂತಾನೋತ್ಪತ್ತಿಯ ಪಾಠವನ್ನು ಉಳಿದ ಮೇಷ್ಟ್ರುಗಳು ‘ಮನೆಯಲ್ಲೇ ಓದಿಕೊಳ್ಳಿ’ ಎಂದು ದಾಟಿಸಿದರೆ, ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳು. ಅಂಥವಳು ಒಂದು ದಿನದಲ್ಲಿ ಮೂರು ವೇಷ ಹಾಕತೊಡಗಿದೆ. ಬೆಳಿಗ್ಗೆ ಕಾಫಿ ವಾಕರಿಕೆ ತಂದರೆ ಬಸುರಿ. ಮಧ್ಯಾಹ್ನ ಮಂಡಿ ಹಿಡಿದರೆ ಮುಟ್ಟು ನಿಂತ ಮುದುಕಿ. ಸಂಜೆ ಸುಮ್ಮನೆ ಕೂತರೆ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿರುವ ರೋಗಿ. ಮೂರರಲ್ಲಿ ನನ್ನನ್ನು ಹೆಚ್ಚು ನಡುಗಿಸಿದ್ದು ಮೊದಲನೆಯದು. ಮಗಳ ಜಾತಕ ಹೊರಗೆ ಹಾಕಿದ್ದೇವೆ, ಬ್ರಹ್ಮಾವರದ ಕಡೆಯ ಸಂಬಂಧವೊಂದು ಕೂಡಿ ಬರುವಂತಿದೆ. ಬೀಗರ ಎದುರು ನಾನು ಏಳು ತಿಂಗಳ ಹೊಟ್ಟೆ ಹೊತ್ತು ಪಾಯಸ ಬಡಿಸುವುದನ್ನು ನೆನೆದರೆ ಫ್ಯಾನಿನ ಕೆಳಗೂ ಬೆವರು.

ಮೂತ್ರ ಪರೀಕ್ಷೆಯ ಪಟ್ಟಿಯೊಂದನ್ನು ತಂದರೆ ಐದು ನಿಮಿಷದ ಕೆಲಸ ಎಂದು ನನಗೂ ಗೊತ್ತು. ತರುವುದು ಎಲ್ಲಿಂದ? ಬಸ್ರೂರಿನ ಮೆಡಿಕಲ್ಲಿನವರು ಇವರ ಗೆಳೆಯರು. ಕುಂದಾಪುರದಲ್ಲಿ ನನ್ನ ಶಾಲೆಯ ಮಕ್ಕಳ ಪೋಷಕರು ಹೆಜ್ಜೆಗೊಬ್ಬರು ಸಿಗುತ್ತಾರೆ. ತಲ್ಲೂರಿನಲ್ಲಿ ನಾದಿನಿ ಇದ್ದಾಳೆ. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿ ಶಿರೂರಿಗೆ ಹೋದೆ. ಜಿಲ್ಲೆಯ ತುದಿ, ಅಲ್ಲಿ ನನ್ನನ್ನು ಯಾರು ಬಲ್ಲರು ಎಂಬ ಧೈರ್ಯ. ಮೆಡಿಕಲ್ಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕೌಂಟರಿನಲ್ಲಿದ್ದ ಹೆಂಗಸು ಎದ್ದು ನಿಂತು, “ಮೇಡಂ, ನೀವಾ? ನಾನ್ ನಿಮ್ಮ ಸ್ಟೂಡೆಂಟ್, ಇಲ್ಲಿಗೇ ಕೊಟ್ಟದ್ದ್ ನನ್ನ. ಎಂತ ಬೇಕಿತ್?” ಎಂದಳು. ಅಷ್ಟು ದೂರ ಹೋಗಿ ನಾನು ಕೊಂಡದ್ದು ಒಂದು ಡಬ್ಬಿ ತಲೆನೋವಿನ ಮುಲಾಮು.

ಮನುಷ್ಯರ ದಾರಿ ಮುಚ್ಚಿದ ಮೇಲೆ ಉಳಿದದ್ದು ದೇವರು. ‘ಅಮ್ಮಾ, ಈ ವಾರದೊಳಗೆ ಹೊರಗಾದರೆ ನಿನಗೆ ಹೂವಿನ ಪೂಜೆ ಮಾಡಿಸುತ್ತೇನೆ’ ಎಂದು ಹರಕೆ ಹೊತ್ತೆ. ಹೊರಗಾದರೆ ಗುಡಿಯ ಹತ್ತಿರ ಸುಳಿಯುವ ಹಾಗಿಲ್ಲ ಎಂಬುದು ಕೈಮುಗಿದು ಈಚೆ ಬಂದ ಮೇಲೆ ಹೊಳೆಯಿತು. ಇಂಥ ಎಡವಟ್ಟು ಹರಕೆಯನ್ನು ದೇವಿ ಹಿಂದೆ ಕೇಳಿರಲಾರಳು.

ಕಡೆಗೆ ತಡೆಯಲಾರದೆ ಇವರಿಗೆ ಹೇಳಿದೆ. ಇವರು, “ನಾನ್ ಎಂತ ಮಾಡ್ದೆ?” ಎಂದರು. ಆಮೇಲೆ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡವರಂತೆ ಕೆಂಪಗಾಗಿ, “ನಾಳೆ ಡಾಕ್ಟ್ರ ಹತ್ರ ಹ್ವಾಪ” ಎಂದು ಎದ್ದು ಹೋದರು.

ಕುಂದಾಪುರದ ಡಾಕ್ಟರಮ್ಮ ಮೊದಲು ಕೇಳಿದ್ದೇ ಕಳೆದ ಸಲದ ತಾರೀಖು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಆಗ ಪರದೆಯ ಆಚೆಯಿಂದ ಇವರ ದನಿ: “ಸಂಕಷ್ಟಿ ಮರುದಿನ ಡಾಕ್ಟ್ರೇ. ಅವತ್ತಿಂದ ಮೂರ್ ದಿನ ದೀಪ ಹಚ್ಚದ್ದ್ ನಾನೇ.” ಡಾಕ್ಟರಮ್ಮ ನಗು ತಡೆದುಕೊಂಡು ಕ್ಯಾಲೆಂಡರ್ ತಿರುಗಿಸಿದರು. ಪೂಜೆಗೆಂದು ಮುಟ್ಟು ಮುಂದೆ ಹಾಕುವ ಮಾತ್ರೆ ನುಂಗಿದ್ದೀರಾ, ತೂಕ ಏರಿದೆಯಾ, ನಿದ್ದೆ ಬರುತ್ತದಾ ಎಂದು ಕೇಳಿದರು. ಮೂತ್ರ ಪರೀಕ್ಷೆಯಲ್ಲಿ ಬಸಿರು ಇಲ್ಲ ಎಂದಾಯಿತು. ರಕ್ತ ಪರೀಕ್ಷೆಯಲ್ಲಿ, ಮುಟ್ಟು ತಡೆದಿದ್ದ ಥೈರಾಯ್ಡ್ ಸಿಕ್ಕಿಬಿತ್ತು. “ನಾಲ್ಕು ದಿನ ಹಿಂದೆಮುಂದೆ ಆದದ್ದಕ್ಕೆ ಹೆದರಬೇಡಿ. ಆದರೆ ಬಸಿರಿನ ಸಂಶಯ ಇದ್ದರೆ ಒಂದು ವಾರ ತಡ ಆದ ಕೂಡಲೇ ಪರೀಕ್ಷೆ ಮಾಡಿ, ನಲವತ್ತು ದಾಟಿತು ಅಂತ ಬಸಿರು ನಿಲ್ಲುವುದಿಲ್ಲ. ಅದಿಲ್ಲದೆ ಮೂರು ತಿಂಗಳು ಬಾರದಿದ್ದರೆ ಬಂದು ತೋರಿಸಿ. ತಡ ಆದಾಗ ಕೆಳಹೊಟ್ಟೆ ಜೋರು ನೋವು, ತಲೆಸುತ್ತು, ವಿಪರೀತ ರಕ್ತ ಹೋಗುವುದು ಇದ್ದರೆ ಮಾತ್ರ ಅವತ್ತೇ ಓಡಿ ಬರಬೇಕು. ಇಷ್ಟು ದಿನ ಎಂಥಕ್ಕೆ ಕೂತಿರಿ, ನೀವು ಟೀಚರ್ ಅಲ್ವಾ?” ಎಂದರು. ಶಿರೂರಿನ ಪ್ರಯಾಣದ ಕಥೆಯನ್ನು ನಾನು ಹೇಳಲಿಲ್ಲ.

ಹಗುರಾಗಿ ಮನೆಗೆ ಬಂದರೆ ಜಗಲಿಯಲ್ಲಿ ತೊಟ್ಟಿಲು. ನನ್ನ ಮಗಳು ಮಲಗಿದ್ದ ಅದೇ ತೊಟ್ಟಿಲನ್ನು ಅತ್ತೆ ಅಟ್ಟದಿಂದ ಇಳಿಸಿ, ಎಣ್ಣೆ ಹಾಕಿ ಒರೆಸುತ್ತಾ ಕೂತಿದ್ದರು. ನಾನು ನಿಂತಲ್ಲೇ ವಿಷಯ ಹೇಳಿದೆ. ಅವರ ಕೈ ನಿಂತಿತು. “ಅಷ್ಟೆಯಾ? ನಾಚ್ಕಿ ಮಾಡ್ಕಂಡ್ ಹೇಳ್ತಿಲ್ಲೆ ಅಂದ್ಕಂಡೆ. ಸಾಂಕುಕೆ ನಾನ್ ಇದ್ದೆ ಅಲ್ದಾ ಹೆಣೆ” ಎಂದು ಬಟ್ಟೆ ಮಡಚಿಟ್ಟರು. ಎರಡು ತಿಂಗಳು ನಾನು ಯಾರ ಬಾಯಿಗೆ ಹೆದರಿ ಸತ್ತೆನೋ, ಅವರು ಅಷ್ಟು ದಿನವೂ ಮೊಮ್ಮಗುವನ್ನು ತೂಗುತ್ತಿದ್ದರು.

ಈಗ ಮಾತ್ರೆ ನುಂಗುತ್ತಿದ್ದೇನೆ, ಎಲ್ಲ ಸರಿಯಾಗಿದೆ. ತಿಂಗಳು ತುಂಬುತ್ತಿದ್ದಂತೆ ಅತ್ತೆ ಮೆಲ್ಲಗೆ “ಆಯ್ತಾ?” ಎಂದು ಕೇಳುತ್ತಾರೆ. ಆಯಿತು ಎಂದರೆ ಅವರ ಮುಖ ಒಂಚೂರು ಸಪ್ಪಗಾಗುತ್ತದೆ. ಬೀಗರ ಕಡೆಯವರಿಗೆ ಹೇಳಬೇಡಿ, ನನ್ನ ಮುಖವೂ.