ಒಂಟಿ ಎತ್ತು ಮತ್ತು ಶುಕ್ರವಾರದ ಡ್ರಾಯಿಂಗು

ಮಕ್ಕಳ ಕೈಗೆ ಬಣ್ಣ ಕೊಟ್ಟು "ನಿಮಗೆ ತೋಚಿದ್ದು ಮಾಡಿ" ಎಂದು ಹೇಳುವ ಉದ್ಯೋಗದಲ್ಲಿರುವವರಿಗೆ ನಗೆಗೆ ಬರವಿಲ್ಲ. ಆ ಹೊತ್ತಿನಲ್ಲಿ ಮಾತ್ರ ನಗುವಂತಿರುವುದಿಲ್ಲ, ಅಷ್ಟೆ.

ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಶಾಲೆಯಲ್ಲಿ ನಾನು ಸಮಾಜ ಪಾಠ ಮಾಡುವವಳು. ಅಲ್ಲಿ ಡ್ರಾಯಿಂಗ್ ಮೇಷ್ಟ್ರು ಇಲ್ಲ. "ಮೇಡಂ, ನೀವು ರಂಗೋಲಿ ಚಲೋ ಹಾಕ್ತೀರಲ್ರಿ" ಎಂಬ ಒಂದೇ ಅರ್ಹತೆಯ ಮೇಲೆ ಹೆಡ್ ಮೇಷ್ಟ್ರು ಐದರಿಂದ ಏಳನೇ ಕ್ಲಾಸಿನ ಮೂವತ್ತೊಂದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಶುಕ್ರವಾರದ ಕೊನೆಯ ಪಿರಿಯಡ್ಡನ್ನು ನನಗೆ ಒಪ್ಪಿಸಿದ್ದರು.

ಈ ಸಲ ಶಾಲೆ ಶುರುವಾದ ವಾರವೇ ಲೆಕ್ಕದ ಸರ್ ಅದರ ಮೇಲೆ ಕಣ್ಣು ಹಾಕಿದರು. "ಹುಡುಗ್ರಿಗೆ ಭಾಗಾಕಾರ ಬರವಲ್ದು, ನೀವು ಹೂಕುಂಡಕ್ಕ ಬಣ್ಣ ತುಂಬಿಸ್ಕೋತ ಕುಂತೀರಿ. ಆ ಪಿರಿಯಡ್ ನನಗ ಕೊಡ್ರಿ" ಎಂದರು.

ಹೆಡ್ ಮೇಷ್ಟ್ರು ಯಾರ ಮನಸ್ಸನ್ನೂ ನೋಯಿಸುವವರಲ್ಲ. "ಮುಂದಿನ ತಿಂಗಳು ತಾಲೂಕಿನಿಂದ ಸಾಹೇಬ್ರು ಬರ್ತಾರ. ಹುಡುಗ್ರ ಕೈಲಿ ತೋರಿಸುವಂಥದ್ದು ಏನಾರ ಮಾಡಿಸ್ರಿ ಮೇಡಂ. ಅವರು ಮೆಚ್ಚಿದ್ರ ಪಿರಿಯಡ್ ನಿಮ್ದು, ಇಲ್ಲಾಂದ್ರ ಲೆಕ್ಕದ್ದು" ಎಂದು ತೀರ್ಪು ಕೊಟ್ಟರು.

ಮಕ್ಕಳು ನನ್ನನ್ನು ಕಂಡು ಎದುರಿಗೆ ಓಡಿಬರುವುದು ವಾರದಲ್ಲಿ ಅದೊಂದು ಮಧ್ಯಾಹ್ನ ಮಾತ್ರ. ಬಿಟ್ಟುಕೊಡುವ ಮನಸ್ಸಿರಲಿಲ್ಲ. ಕೈಯಲ್ಲಿದ್ದದ್ದು ನಾಲ್ಕು ಶುಕ್ರವಾರ.

ಗುಡ್ಡ

ಚಿತ್ರ ಬರೆಯಿರಿ ಎಂದರೆ ನಮ್ಮ ಮಕ್ಕಳು ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬರೆಯುತ್ತಾರೆ. ನಮ್ಮೂರಲ್ಲಿ ಹೊಳೆ ಇಲ್ಲ, ಗುಡ್ಡಗಳು ಚೂಪಾಗಿಲ್ಲ. ಅದಕ್ಕೇ ಹೇಳಿದೆ: "ಮನಿ ಬಾಗಲಾಗ ಕುಂತು ಎದುರಿಗೆ ಕಾಣೋ ಗುಡ್ಡ ಬರ್ಕೊಂಡು ಬರ್ರಿ. ಕಂಡದ್ದು ಅಷ್ಟೇ. ಕಾಣದ್ದು ಸೇರಿಸಬ್ಯಾಡ್ರಿ."

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಂಚಿನಿಂದ ಅಂಚಿಗೆ ಕೆಂಪು ಬಳಿದ ಹಾಳೆ ತಂದಳು.

"ಇದೇನವ್ವ? ಗುಡ್ಡ ಎಲ್ಲಿ?"

"ಟ್ರ್ಯಾಕ್ಟರ್ ಐತ್ರಿ ಟೀಚರ್. ಬಾಗಲಾಗ ನಮ್ಮ ಕಾಕಾ ನಿಲ್ಲಿಸ್ಯಾನ. ಗುಡ್ಡ ಕಾಣವಲ್ದು. ನೀವ ಹೇಳೀರಲ್ಲ, ಕಂಡದ್ದು ಅಷ್ಟೇ ಅಂತ."

"ಸ್ವಲ್ಪ ಆಕಡಿ ಸರಿದು ಕುಂತು ಬರೀಬೇಕಿಲ್ಲ?"

"ಸರಿದೆ ರೀ. ಅಲ್ಲಿ ಟ್ರೈಲರ್ ಐತಿ."

ಬೇಡವಾದ ವಸ್ತು

ಎರಡನೆಯ ಶುಕ್ರವಾರ, ಮನೆಯಲ್ಲಿ ಉಪಯೋಗಕ್ಕೆ ಬಾರದ ವಸ್ತು ತನ್ನಿ, ಅದರಿಂದ ಚೆಂದದ್ದೇನಾದರೂ ಮಾಡೋಣ ಎಂದೆ. ಹರಿದ ಚಪ್ಪಲಿ, ಮುರಿದ ಬಾಚಣಿಕೆ, ಔಷಧಿ ಬಾಟಲಿ ಬಂದವು. ಒಬ್ಬ ಹುಡುಗ ಲ್ಯಾಮಿನೇಷನ್ ಮಾಡಿಸಿದ ದಪ್ಪ ಹಾಳೆಯೊಂದನ್ನು ಆಗಲೇ ಸುರುಳಿ ಸುತ್ತಿ, ಬಲ್ಬಿನ ಮೇಲೆ ಹೊದಿಸುವ ಶೇಡು ಮಾಡಲು ಕತ್ತರಿ ಹುಡುಕುತ್ತಿದ್ದ. ಕಸಿದುಕೊಂಡು ಬಿಡಿಸಿದೆ. ಅವರಪ್ಪನ ಬಿ.ಎ. ಸರ್ಟಿಫಿಕೇಟು.

"ಯಾರಲೇ ನಿನಗ ಇದನ್ನ ಕೊಟ್ಟದ್ದು?"

"ಅವ್ವ ದಿನಾ ಅಂತಾಳ್ರಿ, ಇದರಿಂದ ಒಂದು ಉಪಯೋಗ ಆಗಲಿಲ್ಲ ಅಂತ."

ಅದೇ ವಿಶ್ವವಿದ್ಯಾಲಯದ ಇನ್ನೊಂದು ಹಾಳೆ ನನ್ನ ಮನೆಯ ಟ್ರಂಕಿನಲ್ಲೂ ಇದೆಯಾದ್ದರಿಂದ ಹೆಚ್ಚು ಮಾತಾಡಲಿಲ್ಲ. ಮರುದಿನ ಆ ಅಪ್ಪನನ್ನೇ ಕರೆಸಿ, ಕ್ಷಮೆ ಕೇಳಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದೆ. ಆತ ಅದನ್ನು ನೋಡಿದ, ನನ್ನನ್ನು ನೋಡಿದ.

"ಇಟ್ಕೊಳ್ರಿ ಮೇಡಂ. ಪಾಸಾಗಿ ಹದಿನಾಕು ವರ್ಷ ಆತು, ಇದನ್ನ ತರಾಕ ಹೇಳಿದವರು ನೀವ ಮೊದಲು."

ಬಸ್ಸು

ಮೂರನೆಯ ಶುಕ್ರವಾರದ ಹೊತ್ತಿಗೆ ತೋರಿಸುವಂಥದ್ದು ಅಂತ ನನ್ನ ಬಳಿ ಒಂದು ಕೆಂಪು ಹಾಳೆ ಇತ್ತು. ಲೆಕ್ಕದ ಸರ್ ಕಿಟಕಿಯಲ್ಲಿ ಇಣುಕಿ, "ಹೆಂಗ ನಡದೈತ್ರಿ ಪ್ರದರ್ಶನ?" ಎಂದು ಕೇಳಿ ಹೋದರು. ದೊಡ್ಡ ಮಕ್ಕಳಿಗೆ ಹೇಳಿದೆ: ದಿನಾ ನೀವು ಪಡುವ ಒಂದು ತೊಂದರೆ ಹುಡುಕಿ, ಅದು ತೀರುವಂತೆ ಒಂದು ವಸ್ತುವನ್ನು ನೀವೇ ಯೋಚಿಸಿ, ರಟ್ಟಿನಲ್ಲಿ ಮಾಡಿ.

ಪಕ್ಕದ ಹಳ್ಳಿಯಿಂದ ದಿನಾ ಬಸ್ಸಿಗೆ ಬರುವ ಏಳನೇ ಕ್ಲಾಸಿನ ಹುಡುಗಿ ರಟ್ಟಿನ ಬಸ್ಸು ಮಾಡಿದ್ದಳು. ನಿಜಕ್ಕೂ ಅಚ್ಚುಕಟ್ಟಾಗಿತ್ತು. ಎಣಿಸಿದೆ, ಹನ್ನೊಂದು ಬಾಗಿಲು. ಹತ್ತುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ, ಮೈಲಾರದ ಜಾತ್ರೆಗೆ ಹೋಗುವವರಿಗೆ ಟಾಪಿನ ಮೇಲೆ ಹತ್ತಲು ಏಣಿ ಬೇರೆ. ಒಳಗೆ ಇಣುಕಿದರೆ ಬಟಾಬಯಲು.

"ಸೀಟು ಯಾಕ ಮಾಡಿಲ್ಲ?"

ಅವಳು ಕನಿಕರದಿಂದ ನೋಡಿದಳು. "ಸೀಟು ಹೆಂಗಿರ್ತಾವ ಗೊತ್ತಿಲ್ರಿ ಟೀಚರ್. ನಾ ಯಾವಾಗ ನೋಡಿದ್ರೂ ಅದರ ಮ್ಯಾಲೆ ಮಂದಿ ಕುಂತಿರ್ತಾರ."

ಎತ್ತು

ಉಳಿದದ್ದು ಒಂದು ಶುಕ್ರವಾರ. ಶನಿವಾರ ಬೆಳಿಗ್ಗೆ ಸಾಹೇಬರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿತ್ತು. ಮನೆಮನೆಯಲ್ಲೂ ಜೇಡಿಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ, ಮಕ್ಕಳ ಕೈ ಪಳಗಿರುತ್ತದೆ. ಬುಟ್ಟಿ ತುಂಬ ಮಣ್ಣು ತರಿಸಿ, "ತಲೆಗೊಂದು ಎತ್ತು ಮಾಡ್ರಿ" ಎಂದೆ. ಅಲ್ಲೇ ತಪ್ಪಿದ್ದು.

ಎಲ್ಲ ಮುಗಿದು ಬೆಂಚಿನ ಮೇಲೆ ಸಾಲಾಗಿ ಇಟ್ಟ ಮೇಲೆ ಬಿಸಿಯೂಟದ ಅಡುಗೆಯಮ್ಮ ಬಂದು ನೋಡಿ ಗದ್ದಕ್ಕೆ ಕೈ ಹಚ್ಚಿದಳು. "ಅಯ್ಯ, ಎಲ್ಲಾರ ಕೈಲೂ ಒಂಟಿ ಎತ್ತು ಮಾಡಿಸೀರಲ್ಲವ್ವ! ಜೋಡಿ ಇಲ್ದ ಎತ್ತು ಯಾರಾರ ಪೂಜಿಗೆ ಇಡ್ತಾರೇನು?"

ಇಡೀ ಕ್ಲಾಸಿಗೆ ಆಗ ಅರಿವಾಯಿತು. ಅಲ್ಲಿಂದ ಮುಂದಿನ ಅರ್ಧ ಗಂಟೆ ನಾನು ನಡೆಸಿದ್ದು ಡ್ರಾಯಿಂಗ್ ಅಲ್ಲ, ಸಂಬಂಧ ಕುದುರಿಸುವ ಕೆಲಸ.

"ನನ್ನೆತ್ತಿಗೆ ಅವನ ಎತ್ತು ಬ್ಯಾಡ್ರಿ ಟೀಚರ್, ಅದಕ್ಕ ಕೋಡು ಇಲ್ಲ."

"ನಿಂದು ಎತ್ತೇನಲೇ ಅದು? ಹಂದಿ!"

ಹೇಗೋ ಹದಿನೈದು ಜೋಡಿ ಆದವು. ಮೂವತ್ತೊಂದನೆಯದು ಉಳಿಯಿತು, ಎಲ್ಲರಿಗಿಂತ ಚಿಕ್ಕ ಹುಡುಗಿಯದು. ಮಣ್ಣು ಖಾಲಿ, ಗಂಟೆ ಬಾರಿಸಿತ್ತು. ಅವಳು ಎತ್ತನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತ, "ನಾಳೆ ಸಾಹೇಬ್ರ ಮುಂದ ನಂದೊಂದ ಒಂಟಿ ನಿಂದರತೈತಿ" ಎಂದಳು.

ಬೆಳಿಗ್ಗೆ ನಾನೇ ಒಂದು ಮಾಡಿಬಿಡೋಣವೆಂದು ಮನೆಯಿಂದ ಮಣ್ಣಿನ ಮುದ್ದೆ ತೆಗೆದುಕೊಂಡು ಬೇಗ ಹೋದೆ. ಕೋಣೆಯ ನೆಲದ ಮೇಲೆ ಲೆಕ್ಕದ ಸರ್ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೋಳು ಮಡಚಿದ್ದರು. ಎದುರಿಗೆ ಆ ಹುಡುಗಿ ನೀರಿನ ಚೊಂಬು ಹಿಡಿದು ನಿಂತಿದ್ದಳು.

"ಕಾಲು ದಪ್ಪ ಇರ್ಬೇಕವ್ವ, ಇಲ್ಲಾಂದ್ರ ಹೊಲಕ್ಕ ಹೋಗೂದ್ರಾಗ ಕುಂದರತೈತಿ. ಈಗ ಬೆನ್ನಿನ ಮ್ಯಾಲೆ ಹಿಣಿಲು ನೋಡು" ಎನ್ನುತ್ತ ಆ ಡುಬ್ಬವನ್ನು ಹೆಬ್ಬೆರಳಿನಿಂದ ಒಂದು ಸಲ ಮೇಲಕ್ಕೆ ಒತ್ತಿದರು. ಎತ್ತು ಇನ್ನೇನು ಹೆಜ್ಜೆ ಇಡುವಂತಿತ್ತು.

ನನ್ನನ್ನು ಕಂಡು ಎದ್ದರು. "ಹುಡುಗಿ ಅಳಾಕ ಹತ್ತಿತ್ರಿ, ಅದಕ್ಕ. ಇದಕ್ಕೂ ನಿಮ್ಮ ಡ್ರಾಯಿಂಗಿಗೂ ಸಂಬಂಧ ಇಲ್ಲ."

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ಹುಡುಗಿ ಹೊಸ ಎತ್ತನ್ನು ಬೆಂಚಿನ ತುದಿಯಲ್ಲಿ ತನ್ನ ಎತ್ತಿನ ಪಕ್ಕ ಇಟ್ಟಳು. ಉಳಿದ ಮಕ್ಕಳೂ ಓಡಿಬಂದು ಕೂತರು. ಹೆಡ್ ಮೇಷ್ಟ್ರ ಜೊತೆ ಸಾಹೇಬರು ಒಳಗೆ ಬಂದರು. ಕೈ ತೊಳೆಯಲು ಹೊತ್ತಿಲ್ಲದೆ ಲೆಕ್ಕದ ಸರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಸಾಹೇಬರು ಒಂದೊಂದೇ ಜೋಡಿ ನೋಡುತ್ತ ಬಂದರು. ಹೊಗಳಲಿಲ್ಲ, ತೆಗಳಲಿಲ್ಲ. ನನ್ನ ಪಿರಿಯಡ್ಡು ಬಾಗಿಲು ದಾಟಿ ಹೋಗುತ್ತಿರುವುದು ನನಗೆ ಕಾಣುತ್ತಿತ್ತು. ಕೊನೆಯ ಜೋಡಿಯ ಮುಂದೆ ನಿಂತು ಬೆರಳು ಮುಟ್ಟಿಸಿದರು.

"ಇದು ಇನ್ನೂ ಹಸಿ ಐತಲ್ಲ! ಕೈ ಭಾಳ ಚಲೋ ಐತಿ. ಯಾರವ್ವ ಮಾಡಿದ್ದು?"

ನಾನು ಗೋಡೆ ನೋಡಿದೆ. ಚಿಕ್ಕ ಹುಡುಗಿ ಎದ್ದು ನಿಂತು, "ಲೆಕ್ಕದ ಸರ್ ರೀ" ಎಂದಳು.

"ಎಲ್ಲಿ, ಕೈ ತೋರಿಸ್ರಿ."

ಇಷ್ಟು ವರ್ಷ ಮಕ್ಕಳಿಗೆ ಕೈ ಮುಂದೆ ಚಾಚಲು ಹೇಳುತ್ತಿದ್ದ ಮನುಷ್ಯ ಕೈ ಮುಂದೆ ಚಾಚಿದರು. ಮೊಳಕೈವರೆಗೆ ಜೇಡಿಮಣ್ಣು.

"ಲೆಕ್ಕದವರಿಗೆ ಡ್ರಾಯಿಂಗಿನಾಗ ಏನು ಕೆಲಸ?"

ಸರ್ ಬಾಯಿ ತೆರೆಯುವ ಮೊದಲೇ ಹೆಡ್ ಮೇಷ್ಟ್ರು ನುಗ್ಗಿದರು. "ನಮ್ಮ ಸಾಲ್ಯಾಗ ಹಂಗ ರೀ ಸರ್. ಎಲ್ಲಾ ವಿಷಯದವರೂ ಕೂಡೇ ಮಾಡ್ತಾರ."

ಸಾಹೇಬರ ಮುಖ ಅರಳಿತು. ಭೇಟಿ ಪುಸ್ತಕ ತರಿಸಿ, ನಿಂತಲ್ಲೇ ಬರೆದರು: "ಚಿತ್ರಕಲಾ ಅವಧಿಯಲ್ಲಿ ಗಣಿತ ಶಿಕ್ಷಕರು ಪಾಲ್ಗೊಳ್ಳುತ್ತಿರುವುದು ಶ್ಲಾಘನೀಯ. ಇದನ್ನು ಪ್ರತಿ ಶುಕ್ರವಾರ ತಪ್ಪದೆ ಮುಂದುವರಿಸತಕ್ಕದ್ದು."

ಬರೆದದ್ದನ್ನು ಮೀರುವ ಧೈರ್ಯ ಹೆಡ್ ಮೇಷ್ಟ್ರಿಗಿಲ್ಲ. ಸೋಮವಾರವೇ ಟೈಂಟೇಬಲ್ಲಿನಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರೂ ಸೇರಿತು.

ಮುಂದಿನ ಶುಕ್ರವಾರ ಲೆಕ್ಕದ ಸರ್ ಬಂದು, ಶಿಕ್ಷೆ ಅನುಭವಿಸುವವರ ಹಾಗೆ ಕಡೆಯ ಸಾಲಿನಲ್ಲಿ ಕೂತರು. ನಾನೂ ಅತ್ತ ತಿರುಗಿ ನೋಡಲಿಲ್ಲ. ಕಾಲು ಗಂಟೆ ಕಳೆದಿರಬೇಕು, ಹಿಂದಿನಿಂದ ದೂರು ಬಂತು:

"ಟೀಚರ್! ನೋಡ್ರಿ ಇಲ್ಲಿ, ಲೆಕ್ಕದ ಸರ್ ನನ್ನ ಮಣ್ಣು ಕಸ್ಗೊಂಡಾರ!"